ಹೊಸಬರಿಗೆ ಸಂತ ಅಗಸ್ಟೀನ

ಮಹಾಪುರುಷರನ್ನು ಎಳೆಯರಿಗೆ ಪರಿಚಯಿಸುವಲ್ಲಿ ಎರಡು ದೋಷಗಳು ಸಾಮಾನ್ಯ. ಬರಿಯ ಬಿರುದಾವಳಿಯನ್ನು ಓದಿಸಿ ಕೈಮುಗಿಸುವುದು ಒಂದು; ಸಿದ್ಧಾಂತದ ಕಗ್ಗಂಟನ್ನೇ ಮೊದಲು ಮುಂದಿಟ್ಟು ಹೆದರಿಸುವುದು ಇನ್ನೊಂದು. ಅನ್ಯಧರ್ಮದ ಮಹನೀಯರ ವಿಷಯದಲ್ಲಿ ಮೂರನೆಯ ದೋಷವೂ ಉಂಟು. ಅದು ಹೆಸರನ್ನೇ ಎತ್ತದಿರುವುದು. ಕ್ರೈಸ್ತಧರ್ಮದ ಆದಿಕಾಲದ ತತ್ತ್ವಜ್ಞನೂ ಅನುಭಾವಿಯೂ ಆದ ಸಂತ ಅಗಸ್ಟೀನನು ಈ ಮೂರಕ್ಕೂ ಗುರಿಯಾಗಿದ್ದಾನೆ.

ಇಂತಹ ಮೌನವು ವಿಜಯಪುರ ಸೀಮೆಗೆ ಒಪ್ಪುವಂತಹುದಲ್ಲ. ಇಂಡಿ ತಾಲೂಕಿನ ನಿಂಬಾಳದಲ್ಲಿ ನೆಲೆಸಿ 1957ರಲ್ಲಿ ದೇಹವಿಟ್ಟ ಗುರುದೇವ ರಾ. ದ. ರಾನಡೆಯವರು ಉಪನಿಷತ್ತು, ಮರಾಠಿ ಸಂತವಾಣಿ, ಕನ್ನಡ ಅನುಭಾವಗಳನ್ನು ಪಾಶ್ಚಾತ್ಯ ಅನುಭಾವಿಗಳ ನುಡಿಗಳೊಡನೆ ಹೋಲಿಸಿ ನೋಡಿದವರು. ಬಿಜ್ಜರಗಿಯಲ್ಲಿಯೇ ಜನಿಸಿ, ಜ್ಞಾನಯೋಗಾಶ್ರಮದಿಂದ ನಾಡಿಗೆಲ್ಲ ಬೆಳಕಾಗಿ, 2023ರ ಜನವರಿ 2ರಂದು ಅಗಲಿದ ಪೂಜ್ಯ ಸಿದ್ಧೇಶ್ವರ ಸ್ವಾಮಿಗಳು ಗಹನ ತತ್ತ್ವವನ್ನು ಹೊಲದಿಂದ ಬಂದ ರೈತನಿಗೂ ತಿಳಿಯುವ ತಿಳಿಗನ್ನಡದಲ್ಲಿ ನುಡಿದವರು. ಒಬ್ಬರು ದೃಷ್ಟಿಯ ವೈಶಾಲ್ಯವನ್ನೂ ಇನ್ನೊಬ್ಬರು ಹೇಳುವ ಬಗೆಯನ್ನೂ ತೋರಿಸಿಕೊಟ್ಟ ಮೇಲೆ ಅಧ್ಯಾಪಕನಿಗೆ ನೆಪ ಉಳಿಯದು.

ಅಗಸ್ಟೀನನು 354ರಲ್ಲಿ ಉತ್ತರ ಆಫ್ರಿಕದ ತಗಾಸ್ತೆಯಲ್ಲಿ, ಇಂದಿನ ಅಲ್ಜೀರಿಯದಲ್ಲಿ, ಜನಿಸಿದನು. ಯುರೋಪಿನ ಚಿಂತನೆಯನ್ನು ಶತಮಾನಗಳ ಕಾಲ ರೂಪಿಸಿದವನು ಆಫ್ರಿಕದ ಮಣ್ಣಿನ ಮಗನೆಂಬುದನ್ನು ವಿದ್ಯಾರ್ಥಿಗಳು ಮೊದಲು ಅರಿಯಬೇಕು. ಕಾರ್ತೇಜು, ರೋಮು, ಮಿಲಾನುಗಳಲ್ಲಿ ಅಲಂಕಾರಶಾಸ್ತ್ರವನ್ನು ಬೋಧಿಸಿದ ಈತ ವೃತ್ತಿಯಿಂದ ಅಧ್ಯಾಪಕನೇ ಆಗಿದ್ದನು. ಮಾನಿಯ ಪಂಥದಲ್ಲಿ ಹಲವು ವರ್ಷ ಅಲೆದು, ಮಿಲಾನಿನ ಗುರು ಅಂಬ್ರೋಸನ ಮಾತಿಗೆ ಮನಸೋತು, 386ರಲ್ಲಿ ಒಂದು ಉದ್ಯಾನದಲ್ಲಿ ಕೇಳಿಬಂದ ಮಗುವಿನ ದನಿಯನ್ನು ದೈವದ ಕರೆಯೆಂದು ಬಗೆದು ಗ್ರಂಥವನ್ನು ತೆರೆದನು. ಮರುವರ್ಷ ದೀಕ್ಷೆ ಪಡೆದನು. ಮುಂದೆ ಹಿಪ್ಪೊ ಪಟ್ಟಣದ ಬಿಷಪನಾಗಿ, ವ್ಯಾಂಡಲರು ಆ ಊರನ್ನು ಮುತ್ತಿದ್ದಾಗ 430ರಲ್ಲಿ ತೀರಿಕೊಂಡನು.

ಈತನನ್ನು ಅರಿಯಲು ಬಾಗಿಲು ಯಾವುದು? ರೋಮಿನ ಪತನದ ಬಳಿಕ ಬರೆದ, 22 ಭಾಗಗಳ ‘ದೇವನಗರ’ವಂತೂ ಅಲ್ಲ. ಸುಮಾರು 397ರಿಂದ 400ರೊಳಗೆ ರಚಿತವಾದ, 13 ಭಾಗಗಳ ‘ಕನ್ಫೆಷನ್ಸ್’ ಎಂಬ ಆತ್ಮನಿವೇದನೆಯೇ ಆ ಬಾಗಿಲು. ಅದರಲ್ಲಿಯೂ ಮೊದಲ ಒಂಬತ್ತು ಭಾಗಗಳು ಜೀವನಕಥೆ. ಹತ್ತನೆಯದು ಸ್ಮೃತಿಯ ವಿಚಾರ, ಹನ್ನೊಂದನೆಯದು ಕಾಲದ ವಿಚಾರ. ಉಳಿದೆರಡು ಸೃಷ್ಟಿಯ ವ್ಯಾಖ್ಯಾನ. ಹೊಸಬನು ಒಂಬತ್ತರಲ್ಲಿ ನಿಂತರೂ ನಷ್ಟವಿಲ್ಲ. ಹದಿನಾರರ ಹರೆಯದಲ್ಲಿ ಗೆಳೆಯರೊಡನೆ ಪಕ್ಕದ ತೋಟದ ಪೇರ್ ಹಣ್ಣು ಕದ್ದು ಹಂದಿಗಳಿಗೆ ಎಸೆದುದನ್ನು ನೆನೆದು, ಹಸಿವಿಲ್ಲದೆಯೂ ಕದ್ದೆನೇಕೆ ಎಂದು ಆತ ತನ್ನನ್ನೇ ಕೆದಕುತ್ತಾನೆ. ತಿಕೋಟಾ ಭಾಗದ ದ್ರಾಕ್ಷಿ ತೋಟಗಳ ನಡುವೆ ಬೆಳೆದ ಹುಡುಗನಿಗೆ ಈ ಪ್ರಶ್ನೆಗೆ ಭಾಷ್ಯ ಬೇಕಿಲ್ಲ. ಒಂಬತ್ತನೆಯ ಭಾಗದಲ್ಲಿ, ಒಸ್ತಿಯಾದ ಕಿಟಕಿಯ ಬಳಿ ತಾಯಿ ಮೋನಿಕಳೊಡನೆ ಮಾತನಾಡುತ್ತ, ಇಂದ್ರಿಯಗಳನ್ನು ದಾಟಿ, ಮನಸ್ಸನ್ನೂ ದಾಟಿ, ಶಾಶ್ವತವನ್ನು ಕ್ಷಣಮಾತ್ರ ಮುಟ್ಟಿದ ಪ್ರಸಂಗವಿದೆ. ಕೆಲವೇ ದಿನಗಳಲ್ಲಿ ತಾಯಿ ಕಣ್ಮುಚ್ಚಿದಳು. ಅನುಭಾವವೆಂದರೇನೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಡ.

ಹೊಸಬರಿಗೆ ಕಲಿಸುವ ಬಗೆಯನ್ನು ಕುರಿತು ಅಗಸ್ಟೀನನೇ ಸುಮಾರು 400ರಲ್ಲಿ ಒಂದು ಕಿರುಹೊತ್ತಗೆ ಬರೆದಿದ್ದಾನೆ. ತನ್ನ ಬೋಧನೆ ತನಗೇ ನೀರಸವೆನಿಸುತ್ತದೆಂದು ಕಾರ್ತೇಜಿನ ಒಬ್ಬ ಉಪದೇಶಕ ತೋಡಿಕೊಂಡಾಗ ಕೊಟ್ಟ ಉತ್ತರವದು. ಕಲಿಸುವವನಲ್ಲಿ ಉಲ್ಲಾಸವಿರಬೇಕು, ಕೇಳುವವನು ದಣಿದರೆ ಅವನನ್ನು ಕುಳ್ಳಿರಿಸಬೇಕು, ನೋಡಿ ನೋಡಿ ಹಳತಾದ ಊರನ್ನು ಹೊಸಬನಿಗೆ ತೋರಿಸುವಾಗ ಅವನ ಬೆರಗಿನಿಂದ ತೋರಿಸುವವನಿಗೂ ಊರು ಹೊಸದಾಗುವಂತೆ ಪಾಠವೂ ಹೊಸದಾಗಬೇಕು. ವರ್ಷ ವರ್ಷವೂ ಅದೇ ಪಾಠವನ್ನು ಒಪ್ಪಿಸುವ ಎಲ್ಲ ಅಧ್ಯಾಪಕರಿಗೂ ಇದು ಸಲ್ಲುವ ಮಾತು.

ಆದರೆ ಪರಿಚಯವು ಸ್ತುತಿಯಾಗಬಾರದು. ತನ್ನೊಡನೆ ಹಲವು ವರ್ಷ ಬಾಳಿ ಮಗನನ್ನು ಹೆತ್ತವಳನ್ನು, ಬೇರೆ ವಿವಾಹದ ನಿಶ್ಚಯವಾದಾಗ, ಆಫ್ರಿಕಕ್ಕೆ ಕಳುಹಿಸಿದ ಸಂಗತಿಯನ್ನು ಬರೆದವನು ಅವಳ ಹೆಸರನ್ನು ಬರೆದಿಡಲಿಲ್ಲ. ಬಾಲ್ಯದಲ್ಲಿ ಹೊಡೆತದ ಭಯದಿಂದ ಗ್ರೀಕ್ ಭಾಷೆಯನ್ನೇ ದ್ವೇಷಿಸಿದವನು, ಬಲವಂತಕ್ಕಿಂತ ಕುತೂಹಲವೇ ಚೆನ್ನಾಗಿ ಕಲಿಸುತ್ತದೆಂದು ಕಂಡುಕೊಂಡವನು, ಮುಂದೆ ಡೊನಾಟಸ್ ಪಂಥದವರ ಮೇಲೆ ರಾಜ್ಯದ ಬಲಪ್ರಯೋಗವನ್ನು ಸಮರ್ಥಿಸಿದನು. ದಂಡದಿಂದ ಭಾಷೆಯೇ ಹತ್ತದೆಂದ ಮೇಲೆ ಧರ್ಮ ಹತ್ತುವುದೆಂತು? ಈ ವೈರುಧ್ಯವನ್ನು ಮರೆಮಾಚಿದರೆ ಬೋಧನೆ ಪ್ರಚಾರವಾಗುತ್ತದೆ. ಇದೊಂದನ್ನೇ ಹಿಡಿದರೆ ನಿಂದೆಯಾಗುತ್ತದೆ.

ಪರಧರ್ಮದ ಗ್ರಂಥ ಮಕ್ಕಳ ನಿಷ್ಠೆಯನ್ನು ಸಡಿಲಿಸೀತೆಂಬ ಶಂಕೆ ಕೆಲವರಿಗುಂಟು. ತಿಳಿಯದಿರುವುದರಿಂದ ಉಳಿಯುವ ನಿಷ್ಠೆ ಗಟ್ಟಿಯಾದುದಲ್ಲ. ಇದೇ ಜಿಲ್ಲೆಯ ಬಾಗೇವಾಡಿಯಲ್ಲಿ ಜನಿಸಿದ ಬಸವಣ್ಣನವರು ತಮ್ಮ ಮನದ ಚಾಂಚಲ್ಯವನ್ನು ದೇವನೆದುರು ಬಿಚ್ಚಿಟ್ಟ ವಚನಗಳನ್ನು ಬಲ್ಲವನಿಗೆ ಅಗಸ್ಟೀನನ ನಿವೇದನೆ ಪರಕೀಯವೆನಿಸದು. ಭೇದವೂ ಅಷ್ಟೇ ಸ್ಪಷ್ಟ: ಆದಿಮಾನವನ ಪಾಪವು ಮನುಕುಲಕ್ಕೆಲ್ಲ ಬಳುವಳಿಯಾಗಿ ಬಂದಿದೆಯೆಂಬ ಆತನ ನಿಲುವಿಗೆ ಶರಣರಲ್ಲಿ ಎಡೆಯಿಲ್ಲ. ಸಾಮ್ಯವನ್ನು ಕಂಡು ಹಿಗ್ಗಿ, ಭೇದವನ್ನು ಕಂಡು ಕೆರಳದಿರುವುದೇ ವಿದ್ಯೆಯ ಸಂಸ್ಕಾರ.

ದಾನಿಗಳು ಗ್ರಂಥಾಲಯದಲ್ಲಿ ಈ ಒಂದು ಕೃತಿಗೆ ಎಡೆ ಮಾಡಿಕೊಡಲಿ. ಹಳೆಯ ವಿದ್ಯಾರ್ಥಿಗಳು ಅದನ್ನು ಓದಿ ಕಿರಿಯರೊಡನೆ ಚರ್ಚಿಸಲಿ. ಅಧ್ಯಾಪಕರು ಹಣ್ಣಿನ ಕಥೆಯಿಂದ ಆರಂಭಿಸಲಿ, ಸಿದ್ಧಾಂತಕ್ಕೆ ಅವಸರವಿಲ್ಲ. ಕಥೆಯನ್ನು ಕೇಳಿದ ಬಾಲಕ ತನ್ನ ಮನಸ್ಸನ್ನು ತಾನೇ ಒಮ್ಮೆ ಪ್ರಶ್ನಿಸಿಕೊಂಡರೆ ಪಾಠ ಸಾರ್ಥಕವಾಯಿತೆಂದೇ ತಿಳಿಯಬೇಕು.