ಹೊಸ ಕಾರಿನ ಹೊಳಪು, ನೇತ್ರಾವತಿಯ ನೀರು

ಮಂಗಳೂರಿನ ಬಡಾವಣೆಗಳಲ್ಲಿ ಮುಂಜಾನೆ ನಡೆಯುವ ಒಂದು ಕೆಲಸವನ್ನು ಯಾರೂ ಅಪವ್ಯಯವೆಂದು ಎಣಿಸುವುದಿಲ್ಲ. ಮನೆಗೆ ಹೊಸ ಕಾರು ಬಂದಿತೆಂದರೆ ಮೊದಲ ಕೆಲವು ತಿಂಗಳು ಅದಕ್ಕೆ ನಿತ್ಯಸ್ನಾನ. ನಲ್ಲಿಗೆ ಪೈಪು ಸಿಕ್ಕಿಸಿ ಚಾವಣಿಯಿಂದ ಚಕ್ರದವರೆಗೆ ನೀರು ಹಾಯಿಸಿ, ಹಳೆಯ ಬಟ್ಟೆಯಿಂದ ಉಜ್ಜಿ ಒರೆಸುವುದು ಅಲ್ಲಿನ ದಿನಚರಿ. ಈ ಅಕ್ಕರೆ ಸಹಜವಾದದ್ದೇ. ವರ್ಷಗಳ ದುಡಿಮೆಗೆ ಬ್ಯಾಂಕಿನ ಸಾಲವನ್ನೂ ಸೇರಿಸಿ ಕೊಂಡ ವಸ್ತು ಮಸುಕಾಗುವುದನ್ನು ಯಾರೂ ಬಯಸರು. ಮಲೆನಾಡಿನ ಎಷ್ಟೋ ಮನೆಗಳ ಮಕ್ಕಳು ಅದೇ ನಗರದಲ್ಲಿ ಓದುತ್ತಿದ್ದಾರೆ, ದುಡಿಯುತ್ತಿದ್ದಾರೆ, ಕಾರು ಕೊಳ್ಳುತ್ತಿದ್ದಾರೆ. ಆದ್ದರಿಂದ ಇದು ಪೇಟೆಯವರ ಮೇಲೆ ಹಳ್ಳಿಯವರು ಹೊರಿಸುವ ದೂರಲ್ಲ. ಕೇಳಬೇಕಾದ ಪ್ರಶ್ನೆಗಳು ಎರಡು: ಈ ನಿತ್ಯಸ್ನಾನದಿಂದ ಬಣ್ಣ ಉಳಿಯುತ್ತದೆಯೇ? ಅದಕ್ಕಾಗಿ ಹರಿಯುವ ನೀರು ಎಲ್ಲಿಯದು?

ಮೊದಲ ಪ್ರಶ್ನೆಗೆ ಬಣ್ಣದ ರಚನೆಯಲ್ಲೇ ಉತ್ತರವಿದೆ. ಉಕ್ಕಿನ ತಗಡಿನ ಮೇಲೆ ತುಕ್ಕು ತಡೆಯುವ ಲೇಪ, ಅದರ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ ಇರುತ್ತದೆ. ಈ ಮೇಲ್ಪದರದ ದಪ್ಪ ಸಾಮಾನ್ಯವಾಗಿ 40 ಮೈಕ್ರಾನಿನ ಆಸುಪಾಸು. ಅಂದರೆ ತಲೆಗೂದಲಿನ ದಪ್ಪಕ್ಕಿಂತಲೂ ಕಡಿಮೆ. ಕಣ್ಣಿಗೆ ಕಾಣುವ ಹೊಳಪೆಲ್ಲ ಅದರದೇ. ಮಂಗಳೂರಿನ ರಸ್ತೆಯ ಧೂಳಿನಲ್ಲಿ ಮುರಕಲ್ಲಿನ ಕೆಂಪು ಹುಡಿ, ಮರಳಿನ ಕಣ, ಕಾಂಕ್ರೀಟಿನ ಪುಡಿ ಬೆರೆತಿರುತ್ತವೆ. ಮರಳಿನ ಕಣ ಕ್ಲಿಯರ್ ಕೋಟಿಗಿಂತ ಬಹಳ ಗಟ್ಟಿ. ಒಣಬಟ್ಟೆಯಿಂದಲೋ, ಒಂದೇ ಬಕೆಟ್ಟಿನ ಕೆಸರು ನೀರಿನಲ್ಲಿ ಮತ್ತೆ ಮತ್ತೆ ಅದ್ದಿದ ಬಟ್ಟೆಯಿಂದಲೋ ಉಜ್ಜಿದಾಗ ಆ ಕಣಗಳು ಬಡಗಿಯ ಉಪ್ಪುಕಾಗದದಂತೆ ವರ್ತಿಸುತ್ತವೆ. ಬಿಸಿಲಿಗೆ ನಿಲ್ಲಿಸಿದ ಕಾರಿನ ಮೇಲೆ ಜೇಡರಬಲೆಯಂತೆ ಕಾಣುವ ಸೂಕ್ಷ್ಮ ಗೆರೆಗಳು ಬಹುಮಟ್ಟಿಗೆ ತೊಳೆದವರ ಕೈಯಿಂದಲೇ ಆದವು. ಹೊಸ ಬಣ್ಣ ಇನ್ನೂ ಹಸಿಯಾಗಿರುತ್ತದೆ, ಅದಕ್ಕೆ ವಿಶೇಷ ಆರೈಕೆ ಬೇಕು ಎಂಬ ನಂಬಿಕೆಗೂ ಆಧಾರವಿಲ್ಲ. ಕಾರ್ಖಾನೆಯಲ್ಲಿ ಬಳಿದ ಬಣ್ಣವನ್ನು ಸುಮಾರು 140 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸಿಯೇ ಕಾರನ್ನು ಹೊರಗೆ ಕಳುಹಿಸುತ್ತಾರೆ.

ಬಣ್ಣಕ್ಕೆ ನಿಜವಾದ ಶತ್ರುಗಳು ಬೇರೆ ಇವೆ. ಹಕ್ಕಿಯ ಹಿಕ್ಕೆ, ಮಾವು ಹಲಸುಗಳ ಸೊನೆ, ಸತ್ತು ಅಂಟಿದ ಹುಳು ಇವು ಬಿಸಿಲಿಗೆ ಒಣಗಿದರೆ ಮೇಲ್ಪದರವನ್ನು ಕೊರೆಯುತ್ತವೆ. ಅವನ್ನು ಕಂಡ ದಿನವೇ ಒದ್ದೆಬಟ್ಟೆಯಿಂದ ನೆನೆಸಿ ತೆಗೆಯಬೇಕು. ಅದಕ್ಕೆ ಒಂದು ಚೊಂಬು ನೀರು ಸಾಕು. ಪಣಂಬೂರು, ಉಳ್ಳಾಲದಂತಹ ಕಡಲತೀರಗಳಿಗೆ ಹೋಗಿಬಂದ ಕಾರಿನ ಅಡಿಭಾಗಕ್ಕೂ ಚಕ್ರದ ಗೂಡುಗಳಿಗೂ ಸಿಹಿನೀರು ಹಾಯಿಸುವುದು ಅಗತ್ಯ. ಕಲ್ಲು ಸಿಡಿದು ಬಣ್ಣ ಕಿತ್ತ ಜಾಗದಲ್ಲಿ ಉಪ್ಪು ತುಕ್ಕನ್ನು ಬಲುಬೇಗ ಹಬ್ಬಿಸುತ್ತದೆ. ಗಡಸು ನೀರು ಬಿಸಿಲಿನಲ್ಲಿ ಹಾಗೆಯೇ ಆರಿದರೆ ಸುಣ್ಣದ ಬಿಳಿ ಚುಕ್ಕೆಗಳು ಉಳಿಯುತ್ತವೆ.

ಉಳಿದಂತೆ ಹದಿನೈದು ದಿನಕ್ಕೊಮ್ಮೆ ಸರಿಯಾಗಿ ತೊಳೆದರೆ ಸಾಕು. ಕಾರು ನೆರಳಿನಲ್ಲಿರಬೇಕು, ತಗಡು ತಣ್ಣಗಿರಬೇಕು. ಎರಡು ಬಕೆಟ್ಟುಗಳಿರಬೇಕು: ಒಂದರಲ್ಲಿ ಕಾರಿನ ಶ್ಯಾಂಪೂ ಬೆರೆಸಿದ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಾಡಲು ಬರಿಯ ನೀರು. ಮೊದಲು ಮಗ್ಗಿನಿಂದ ನೀರು ಸುರಿದು ಧೂಳನ್ನು ಸಡಿಲಿಸಬೇಕು. ಬಳಿಕ ಮೃದುವಾದ ಮೈಕ್ರೋಫೈಬರ್ ಬಟ್ಟೆಯಿಂದ ಮೇಲಿನಿಂದ ಕೆಳಕ್ಕೆ, ಒತ್ತದೆ ಒರೆಸಬೇಕು. ಚಕ್ರಗಳಿಗೆ ಬೇರೆಯೇ ಬಟ್ಟೆ, ಅದೂ ಕೊನೆಗೆ. ಬಟ್ಟೆ ಒಗೆಯುವ ಪುಡಿ ಕ್ಷಾರಯುಕ್ತವಾದ್ದರಿಂದ ಅದು ಮೇಣದ ರಕ್ಷಣೆಯನ್ನೂ ತೆಗೆದುಬಿಡುತ್ತದೆ. ಇಷ್ಟಕ್ಕೆಲ್ಲ ಸುಮಾರು 30 ಲೀಟರ್ ನೀರು ಸಾಕಾಗುತ್ತದೆ.

ಹೊಸ ಕಾರಿನೊಡನೆ ಮಾರಾಟವಾಗುವ ಲೇಪಗಳ ಬಗೆಗೂ ವಿವೇಚನೆ ಬೇಕು. ಟೆಫ್ಲಾನ್ ಎಂಬ ಹೆಸರಿನಲ್ಲಿ ಪರಿಚಿತವಾದ ವಸ್ತು ಬಾಣಲೆಗೆ ಗಟ್ಟಿಯಾಗಿ ಕೂರುವುದು 300 ಡಿಗ್ರಿಗೂ ಮೀರಿದ ಶಾಖದಲ್ಲಿ ಕಾಯಿಸಿದಾಗ. ಕಾರನ್ನು ಹಾಗೆ ಕಾಯಿಸಲಾಗದು. ಅದು ಸೇರಿರುವ ಫ್ಲೋರಿನ್ ರಾಸಾಯನಿಕಗಳ ಕುಟುಂಬದ ಕೆಲವು ಸದಸ್ಯವಸ್ತುಗಳು ಪರಿಸರದಲ್ಲಿ ಕರಗದೆ ಉಳಿಯುವ ಕಾರಣಕ್ಕೆ 2009ರಲ್ಲಿ ಹಾಗೂ 2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿವೆ. ಸಿಲಿಕಾ ಆಧಾರಿತ ಸೆರಾಮಿಕ್ ಲೇಪ ಹೆಚ್ಚು ಕಾಲ ಬಾಳುತ್ತದೆ, ಕೊಳೆ ಅಂಟುವುದನ್ನು ಕಡಿಮೆ ಮಾಡುತ್ತದೆ. ಆದರೆ ಅದೂ ಮರಳಿನ ಗೀರನ್ನು ಪೂರ್ತಿ ತಡೆಯದು. ಬ್ರೆಜಿಲ್ ದೇಶದ ಒಂದು ತಾಳೆ ಜಾತಿಯ ಮರದ ಎಲೆಯಿಂದ ದೊರೆಯುವ ಕಾರ್ನೌಬಾ ಮೇಣ ಅಗ್ಗದ, ಹಳೆಯ ಉಪಾಯ. ಮಳೆಗಾಲಕ್ಕೆ ಮೊದಲೊಮ್ಮೆ, ಅನಂತರವೊಮ್ಮೆ ಮನೆಯಲ್ಲೇ ಹಚ್ಚಬಹುದು.

ಇನ್ನು ಎರಡನೆಯ ಪ್ರಶ್ನೆ. ಮಂಗಳೂರಿನ ನಲ್ಲಿಗಳಿಗೆ ನೀರು ಬರುವುದು ಬಂಟ್ವಾಳ ತಾಲ್ಲೂಕಿನ ತುಂಬೆಯ ಕಿಂಡಿ ಅಣೆಕಟ್ಟಿನಿಂದ. ಅಲ್ಲಿ ನಿಲ್ಲುವುದು ಕುದುರೆಮುಖ ಶ್ರೇಣಿಯಲ್ಲಿ ಹುಟ್ಟಿ, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು ಬರುವ ನೇತ್ರಾವತಿ. ಬೇಸಿಗೆಯಲ್ಲಿ ಆ ನದಿಯನ್ನು ಜೀವಂತವಾಗಿಡುವುದು ಘಟ್ಟದ ಶೋಲಾ ಕಾಡುಗಳೂ ಹುಲ್ಲುಗಾವಲುಗಳೂ ಹಿಡಿದಿಟ್ಟು ನಿಧಾನವಾಗಿ ಬಿಡುವ ನೀರು. 2016ರ ಮತ್ತು 2019ರ ಬೇಸಿಗೆಗಳಲ್ಲಿ ತುಂಬೆಯಲ್ಲಿ ನೀರು ತಳಕ್ಕಿಳಿದು ನಗರಕ್ಕೆ ಸರದಿಯ ಮೇಲೆ ನೀರು ಬಿಡಬೇಕಾಯಿತು. 2019ರ ಮೇ ತಿಂಗಳಿನಲ್ಲಿ ನೇತ್ರಾವತಿಯ ದಡದ ಧರ್ಮಸ್ಥಳದಲ್ಲೇ ನೀರಿನ ಅಭಾವವಾಗಿ, ಯಾತ್ರೆಯನ್ನು ಮುಂದೂಡುವಂತೆ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಭಕ್ತರನ್ನು ವಿನಂತಿಸಿದರು. ವರ್ಷದಲ್ಲಿ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಜಿಲ್ಲೆಯ ಸ್ಥಿತಿ ಇದು.

ನಿಮಿಷಕ್ಕೆ 15 ಲೀಟರ್ ಹರಿಯುವ ಪೈಪನ್ನು ಹತ್ತು ನಿಮಿಷ ಬಿಟ್ಟರೆ 150 ಲೀಟರ್ ಖರ್ಚಾಗುತ್ತದೆ. 2019ರಲ್ಲಿ ಆರಂಭವಾದ ಜಲಜೀವನ ಮಿಷನ್ ಹಳ್ಳಿಯ ಒಬ್ಬ ವ್ಯಕ್ತಿಗೆ ದಿನಕ್ಕೆ ಕೊಡಬೇಕೆಂದು ನಿಗದಿಪಡಿಸಿದ ಪ್ರಮಾಣ 55 ಲೀಟರ್. ಅಂದರೆ ನದಿ ಹುಟ್ಟುವ ಊರಿನ ಸುಮಾರು ಮೂವರ ಪಾಲಿನ ನೀರು, ಅದೇ ನದಿಯ ಕೊನೆಯಲ್ಲಿ ಒಂದು ಕಾರಿನ ಬೆಳಗಿನ ಸ್ನಾನಕ್ಕೆ ಹೋಗುತ್ತದೆ. ಬೆಂಗಳೂರು ಜಲಮಂಡಳಿ 2024ರ ಮಾರ್ಚಿನಲ್ಲಿ ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ವಿಧಿಸಿತು. ಕೆರೆಗಳನ್ನು ಕಳೆದುಕೊಂಡ ನಗರ ಬರ ಬಂದ ಮೇಲೆ ಕಲಿತ ಪಾಠವನ್ನು ನದಿಯಿರುವ ನಗರ ಬರ ಬರುವ ಮೊದಲೇ ಕಲಿಯಬಹುದು.

ತೊಳೆದ ನೀರು ಅಲ್ಲಿಗೇ ಮುಗಿಯುವುದಿಲ್ಲ. ಸಾಬೂನು, ಎಣ್ಣೆ, ಬ್ರೇಕಿನ ಲೋಹದ ಹುಡಿಗಳನ್ನು ಹೊತ್ತು ಅದು ಮಳೆನೀರಿನ ಚರಂಡಿ, ರಾಜಕಾಲುವೆಗಳ ದಾರಿಯಾಗಿ ನೇತ್ರಾವತಿ ಹಾಗೂ ಫಲ್ಗುಣಿ ನದಿಗಳು ಕಡಲು ಸೇರುವ ಅಳಿವೆಯತ್ತ ಸಾಗುತ್ತದೆ. ನೊರೆಯ ರಾಸಾಯನಿಕ ಮೀನಿನ ಕಿವಿರುಗಳನ್ನು ಘಾಸಿಗೊಳಿಸುತ್ತದೆ. ಕಾರನ್ನು ಸಿಮೆಂಟಿನ ಅಂಗಳದ ಬದಲು ಹುಲ್ಲು ಅಥವಾ ಮಣ್ಣಿನ ಮೇಲೆ, ಬಾವಿಯಿಂದ ದೂರದಲ್ಲಿ ನಿಲ್ಲಿಸಿ ತೊಳೆದರೆ ಕೊಳೆಯ ಬಹುಭಾಗವನ್ನು ಮಣ್ಣು ಹಿಡಿದುಕೊಳ್ಳುತ್ತದೆ. ಹಳ್ಳಿಗಳಲ್ಲಿ ಜೀಪು, ಪಿಕಪ್‌ಗಳನ್ನು ಹೊಳೆಗೇ ಇಳಿಸಿ ತೊಳೆಯುವ ರೂಢಿಯೂ ಇದೇ ತಪ್ಪಿನ ಇನ್ನೊಂದು ರೂಪ. ಮೇಲಿನವರು ಹೊಳೆಯಲ್ಲಿ ಎಣ್ಣೆ ತೇಲಿಸಿ ಕೆಳಗಿನವರಿಗೆ ಬುದ್ಧಿ ಹೇಳುವುದು ಸಲ್ಲದು.

ಎತ್ತಿನಹೊಳೆ ಯೋಜನೆಯನ್ನು ವಿರೋಧಿಸಿ ನೇತ್ರಾವತಿಯನ್ನು ಉಳಿಸಬೇಕೆಂಬ ಕೂಗೆದ್ದಾಗ ಮಂಗಳೂರೂ ಅದಕ್ಕೆ ದನಿಗೂಡಿಸಿತ್ತು. ನದಿಯನ್ನು ತಿರುಗಿಸಬೇಡಿ ಎಂದು ಕೇಳುವ ಹಕ್ಕು ಗಟ್ಟಿಯಾಗುವುದು ಬಂದ ನೀರನ್ನು ಮಿತವಾಗಿ ಬಳಸಿದಾಗ. ಸೇವಾ ಕೇಂದ್ರಗಳು ತೊಳೆದ ನೀರನ್ನು ಸೋಸಿ ಮರುಬಳಸುವಂತೆ ಮಹಾನಗರಪಾಲಿಕೆ ನಿಯಮ ಮಾಡಬೇಕು. ವಿದ್ಯಾರ್ಥಿಗಳು ತಮ್ಮ ಹಾಸ್ಟೆಲಿನ, ಬಾಡಿಗೆ ಮನೆಯ ಪೈಪಿನ ಕೆಳಗೆ ಬಕೆಟ್ಟಿಟ್ಟು, ಅದು ತುಂಬಲು ಹಿಡಿಯುವ ಸೆಕೆಂಡುಗಳನ್ನು ಎಣಿಸಲಿ. ಕಾರು ತೊಳೆಯುವ ನೆರೆಯವರಿಗೆ ಆ ಲೆಕ್ಕವನ್ನು ವಿನಯದಿಂದ ತೋರಿಸಲಿ. ಕಡಿಮೆ ತೊಳೆದರೆ ಬಣ್ಣವೇ ಹೆಚ್ಚು ಕಾಲ ಬಾಳುತ್ತದೆ ಎಂಬ ಮಾತನ್ನು ಕಾರಿನ ಒಡೆಯ ಬೇಗ ಒಪ್ಪುತ್ತಾನೆ. ಅದರಿಂದ ಉಳಿಯುವ ನೀರು ನದಿಯದು.