ಅಗ್ನಿಕರ್ಮವೂ ಮೊಲದ ಸಾಕ್ಷ್ಯವೂ

ವಾಚಕ ಸೋದರಿಯೊಬ್ಬರು ನಮ್ಮನ್ನು ಹೀಗೆ ಕೇಳಿದ್ದಾರೆ: ‘ಎದೆಯ ಗಂಟನ್ನು ಕೊಯ್ಯದೆಯೇ ಸೂಜಿಯಿಂದ ಸುಟ್ಟುಬಿಡುವರಂತೆ, ನಿಜವೆ? ನಿಜವಾದರೆ ಮೂಕಪ್ರಾಣಿಗಳ ಮೇಲೆ ಅದನ್ನು ಪರೀಕ್ಷಿಸುವುದೇತಕ್ಕೆ?’ ನಾವು ವೈದ್ಯರಲ್ಲ. ಹುಡುಗರಿಂದ ಶಬ್ದರೂಪಗಳನ್ನು ಒಪ್ಪಿಸಿಕೊಂಡೇ ಆಯುಷ್ಯ ಕಳೆದವರು. ಆದರೂ ಈ ವಿಷಯವನ್ನು ಓದದೆ ಇರಲಾರೆವು. ನಮ್ಮ ಅಕ್ಕ ಕತ್ತಿಯ ಭಯದಿಂದ ಇಂಥದೊಂದು ಗಂಟನ್ನು ಒಂದು ವರ್ಷಕಾಲ ಸೆರಗಿನಡಿಯಲ್ಲಿ ಮುಚ್ಚಿಟ್ಟುಕೊಂಡಿದ್ದಳು. ವೈದ್ಯರ ಬಳಿಗೆ ಹೋಗುವ ಹೊತ್ತಿಗೆ ಕಾಲ ಮೀರಿತ್ತು.

ಅಗ್ನಿಯ ಚಿಕಿತ್ಸೆ ನಮ್ಮವರಿಗೆ ಹೊಸತಲ್ಲ. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಅಗ್ನಿಕರ್ಮಕ್ಕೆಂದೇ ಒಂದು ಅಧ್ಯಾಯವುಂಟು. ಔಷಧ, ಶಸ್ತ್ರ, ಕ್ಷಾರಗಳಿಗೆ ಬಗ್ಗದ ವ್ಯಾಧಿ ಅಗ್ನಿಗೆ ಬಗ್ಗುವುದೆಂದೂ, ಸುಟ್ಟ ವ್ಯಾಧಿ ಮರುಕಳಿಸದೆಂದೂ ಆಚಾರ್ಯರ ಮತ. ಮರುಕಳಿಸದೆಂಬುದನ್ನು ಮೊದಲೇ ಅರಿಯುವುದು ಹೇಗೆ? ಇಂದಿನ ಪರೀಕ್ಷೆಗಳೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ತಿರುಗುತ್ತಿವೆ.

ಇಂದಿನ ಅಗ್ನಿಗೆ ಜ್ವಾಲೆಯಿಲ್ಲ. ಅತಿವೇಗದಿಂದ ದಿಕ್ಕು ಬದಲಿಸುವ ವಿದ್ಯುತ್ತು ಸ್ನಾಯುಗಳನ್ನು ಸೆಳೆಯದೆ ದೇಹದಲ್ಲಿ ಹರಿಯಬಲ್ಲದೆಂದು ಫ್ರಾನ್ಸಿನ ದಾರ್ಸೊನ್ವಾಲ್ ಎಂಬ ಪಂಡಿತರು 1891ರಲ್ಲಿ ತೋರಿಸಿದರು. ಇಂಥ ವಿದ್ಯುತ್ತನ್ನು ಸೂಜಿಯ ಮೂಲಕ ಹಾಯಿಸಿದರೆ ಸುತ್ತಣ ಮಾಂಸವೇ ತನ್ನೊಳಗಿಂದ ಕಾಯುತ್ತದೆ. 60 ಡಿಗ್ರಿ ಸೆಂಟಿಗ್ರೇಡ್ ದಾಟಿತೆಂದರೆ ಕೋಶದ ಸಸಾರಜನಕವು ಬೆಂದ ಮೊಟ್ಟೆಯ ಬಿಳಿಯಂತೆ ಹೆಪ್ಪುಗಟ್ಟುತ್ತದೆ. ಹಾಗೆಂದು ಉರಿ ಹೆಚ್ಚಿಸುವಂತಿಲ್ಲ. 100 ಡಿಗ್ರಿಯಲ್ಲಿ ಆವಿಯೆದ್ದು ಮಾಂಸ ಕರಿಕಾಗುತ್ತದೆ. ಆ ಕರಿಕೇ ವಿದ್ಯುತ್ತಿಗೆ ಅಡ್ಡ ನಿಲ್ಲುತ್ತದೆ. ಉರಿ ಹೆಚ್ಚಾದ ರೊಟ್ಟಿ ಹೊರಗೆ ಸೀದು ಒಳಗೆ ಹಸಿಯಾಗಿರುವುದನ್ನು ಗೃಹಿಣಿಯರು ಬಲ್ಲರು. ಇಲ್ಲಿ ತಿರುಗುಮುರುಗು: ಒಳಗೆ ಸೀದು, ಅಂಚು ಹಸಿ. ರೋಗ ಉಳಿಯುವುದೂ ಅಂಚಿನಲ್ಲಿಯೇ.

ಕೊಯ್ದು ತೆಗೆದ ಗಂಟಿನ ಅಂಚನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗವೆಲ್ಲ ಬಂದಿತೇ ಎಂದು ಹೇಳಬಹುದು. ಸುಟ್ಟ ಗಂಟಾದರೋ ದೇಹದಲ್ಲಿಯೇ ಉಳಿಯುತ್ತದೆ. ನೋಡಲು ಏನೂ ಕೈಗೆ ಬಾರದು. ಪ್ರಾಣಿಗಳ ಸರದಿ ಬಂದುದು ಇದರಿಂದ. 1940ರಲ್ಲಿ ಕಿಡ್ ಮತ್ತು ರೌಸ್ ಎಂಬವರು ವರ್ಣಿಸಿದ, ವಿ.ಎಕ್ಸ್.-2 ಎಂಬ ಹೆಸರಿನ ಮೊಲದ ಅರ್ಬುದವೊಂದುಂಟು. ಸ್ತನದಲ್ಲಿ ಕೊಬ್ಬು ಹೆಚ್ಚು, ಕೊಬ್ಬು ವಿದ್ಯುತ್ತನ್ನು ಸುಲಭವಾಗಿ ಹರಿಯಗೊಡದು. ಆದಕಾರಣ ಸಂಶೋಧಕರು ಈ ಅರ್ಬುದವನ್ನು ಮೊಲದ ಕೊಬ್ಬಿನ ನಡುವೆ ಇರಿಸಿ, ಸುಟ್ಟು, ಹೊರತೆಗೆದು ನೋಡಿದರು. ಅಲ್ಲಿಯೂ ಒಂದು ಮೋಸ! ಕಾವಿನಿಂದ ಸತ್ತ ಕೋಶ ಆಕಾರ ಕೆಡದೆ ಸಾಯುವುದರಿಂದ, ವಾಡಿಕೆಯ ಬಣ್ಣ ಹಾಕಿದರೆ ಬದುಕಿರುವಂತೆಯೇ ಕಾಣುವುದುಂಟು. ಆದ್ದರಿಂದ ಕೋಶದ ಕಿಣ್ವ ಇನ್ನೂ ಕೆಲಸಮಾಡುತ್ತಿದ್ದರೆ ಮಾತ್ರ ನೀಲಿ ಮೂಡುವ ಬೇರೆ ಪರೀಕ್ಷೆಯನ್ನೂ ಹಿಡಿಯಬೇಕಾಯಿತು.

ಈ ಸಾಕ್ಷ್ಯವೂ ಪೂರ್ಣವಲ್ಲ. ಮೊಲದ ಅರ್ಬುದ ಮನುಷ್ಯರು ನೆಟ್ಟದ್ದು, ಉಂಡೆಯಾದದ್ದು; ಹೆಂಗಸಿನದು ಹಾಲಿನ ನಾಳಗಳಲ್ಲಿ ದೂರ ಹರಿದಿರಬಹುದು. 1999ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನ ವೈದ್ಯರು ಐವರು ಸ್ತ್ರೀಯರಲ್ಲಿ ಗಂಟನ್ನು ಮೊದಲು ಸುಟ್ಟು, ಒಡನೆಯೇ ಕೊಯ್ದು ಪರೀಕ್ಷಿಸಿದರು. ನಾಲ್ವರಲ್ಲಿ, ಸುಟ್ಟ ಎಡೆಯಲ್ಲಿ ಜೀವವಿರಲಿಲ್ಲ. ಐದನೆಯವರಲ್ಲಿ ಒಂದು ಚುಕ್ಕೆಯಷ್ಟು ಉಳಿದಿತ್ತು. ಆ ಚುಕ್ಕೆಯನ್ನು ನೆನೆದರೆ, ಪ್ರಾಣಿಗಳಲ್ಲಿ ಪರೀಕ್ಷಿಸದೆ ಸ್ತ್ರೀಯರ ಮೈಮೇಲೆ ಮೊದಲ ಸೂಜಿ ಹಿಡಿಯಿರೆಂದು ಹೇಳಲು ನಮಗೆ ನಾಲಗೆ ಬಾರದು. ಹಾಗೆಂದು ಮೊಲದ ನೋವು ನೋವಲ್ಲವೆಂದೂ ಹೇಳೆವು. ಪ್ರಾಣಿಗಳಿಗೆ ಬದಲು ಬೇರೊಂದನ್ನು ಬಳಸಿ, ಆಗದಿದ್ದರೆ ಸಂಖ್ಯೆಯನ್ನು ತಗ್ಗಿಸಿ, ನೋವನ್ನು ಕಡಮೆಮಾಡಿರೆಂದು ರಸೆಲ್ ಮತ್ತು ಬರ್ಚ್ ಎಂಬ ಆಂಗ್ಲ ವಿದ್ವಾಂಸರು 1959ರಲ್ಲಿ ಬರೆದರು. ನಮ್ಮ ದೇಶದಲ್ಲಿಯೂ 1960ರ ಪ್ರಾಣಿಹಿಂಸಾ ನಿವಾರಣೆಯ ಕಾಯಿದೆ ಇಂಥ ಪ್ರಯೋಗಗಳ ಮೇಲೆ ಕಣ್ಣಿಡಲು ಸಮಿತಿಗೆ ಎಡೆಮಾಡಿದೆ.

2023ರಲ್ಲಿ ಜಪಾನು ಈ ಚಿಕಿತ್ಸೆಗೆ ಅನುಮತಿಯಿತ್ತಿತು. ಎಲ್ಲ ಗಂಟುಗಳಿಗಲ್ಲ; ಒಂಟಿಯಾಗಿದ್ದು, ಒಂದೂವರೆ ಸೆಂಟಿಮೀಟರಿಗೆ ಮೀರದವುಗಳಿಗೆ. ಅಕ್ಕನ ಗಂಟು ಮೊದಲು ಕೈಗೆ ತಗುಲಿದಾಗ ಕಡಲೆಕಾಳಿನಷ್ಟಿತ್ತೆಂದು ಅವಳೇ ಆಮೇಲೆ ಹೇಳಿದ್ದಳು.