ರೆಕಾರ್ಡ್ ಅಪ್ಪನದ್ದು, ವೈವಾ ಯಾರದ್ದು?

ಚುನಾವಣೆಗೆ ನಿಲ್ಲುವವರು ಎಂತೆಲ್ಲ ಬರೆದುಕೊಡಬೇಕು ಗೊತ್ತುಂಟಾ? ನಾಮಪತ್ರದ ಜೊತೆ ಒಂದು ಅಫಿಡವಿಟ್. ಅದರಲ್ಲಿ ಆಸ್ತಿ ಎಷ್ಟು, ಸಾಲ ಎಷ್ಟು, ಮೈಮೇಲೆ ಕ್ರಿಮಿನಲ್ ಕೇಸು ಉಂಟಾ, ಓದಿದ್ದು ಎಲ್ಲಿಯವರೆಗೆ, ಮನೆಯವರ ಹೆಸರಲ್ಲಿ ಬಂಗಾರ ಎಷ್ಟು ಅಂತ ಎಲ್ಲ ಇರಬೇಕು. 2002 ಮತ್ತು 2003ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪುಗಳಿಂದ ಬಂದ ವ್ಯವಸ್ಥೆ ಇದು. ಖರ್ಚಿಗೂ ಮಿತಿ ಉಂಟು. ನಮ್ಮಂಥ ದೊಡ್ಡ ರಾಜ್ಯದಲ್ಲಿ ವಿಧಾನಸಭೆಗೆ 40 ಲಕ್ಷ ರೂಪಾಯಿ. ಆದರೆ ಎದುರಾಳಿಯ ಪಕ್ಕದಲ್ಲಿ ಒಂದು ಗಂಟೆ ಕೂತು, ಓಟು ಹಾಕುವವರ ಪ್ರಶ್ನೆಗೆ ಉತ್ತರ ಕೊಡಬೇಕು ಅಂತ ಎಲ್ಲಿಯೂ ಬರೆದಿಲ್ಲ.

ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ರೆಕಾರ್ಡ್ ಸಬ್ಮಿಟ್ ಮಾಡಿದರೆ ಮುಗೀತು, ವೈವಾ ಇಲ್ಲ. ಹೀಗೊಂದು ಲ್ಯಾಬ್ ಇದ್ದಿದ್ದರೆ ನಾವೆಲ್ಲ ಎಂತ ಮಾಡ್ತಿದ್ದೆವು ಅಂತ ನಾನು ಬೇರೆ ಹೇಳಬೇಕಾಗಿಲ್ಲ. ಸೀನಿಯರ್ ರೆಕಾರ್ಡ್ ಇಸ್ಕೊಂಡು ರಾತ್ರಿ ಕೂತು ಕಾಪಿ. ಎಕ್ಸ್‌ಟರ್ನಲ್ ಎದುರು ಕೂರುವಾಗ ಮಾತ್ರ ಸೀನಿಯರ್ ಬಂದು ಪಕ್ಕದಲ್ಲಿ ನಿಲ್ಲುವುದಿಲ್ಲ. ರಾಜಕೀಯದಲ್ಲಿ ಆ ಸೀನಿಯರ್ ಹೆಚ್ಚಿನ ಸಲ ಅಪ್ಪ. ಕೆಲವು ಸಲ ಗಂಡ, ಮಾವ, ಚಿಕ್ಕಪ್ಪ.

2024ರ ಲೋಕಸಭಾ ಚುನಾವಣೆಯ ಪಟ್ಟಿ ನೋಡಿ. ಶಿವಮೊಗ್ಗದಲ್ಲಿ ಒಂದು ಕಡೆ ಯಡಿಯೂರಪ್ಪನವರ ಮಗ ರಾಘವೇಂದ್ರ, ಇನ್ನೊಂದು ಕಡೆ ಬಂಗಾರಪ್ಪನವರ ಮಗಳು ಗೀತಾ ಶಿವರಾಜ್‌ಕುಮಾರ್. ದಾವಣಗೆರೆಯಲ್ಲಿ ಒಬ್ಬರು ಸಂಸದರ ಹೆಂಡತಿ, ಇನ್ನೊಬ್ಬರು ಸಚಿವರ ಹೆಂಡತಿ. ಚಿಕ್ಕೋಡಿ, ಬೀದರ್, ಬೆಳಗಾವಿ, ಬಾಗಲಕೋಟೆಗಳಲ್ಲಿ ಸಚಿವರ ಮಕ್ಕಳು. ಸೊರಬದಲ್ಲಂತೂ ಬಂಗಾರಪ್ಪನವರ ಇಬ್ಬರು ಗಂಡು ಮಕ್ಕಳೇ ಎದುರು ಬದುರು: 2018ರಲ್ಲಿ ಕುಮಾರ್ ಗೆದ್ದರು, 2023ರಲ್ಲಿ ಮಧು. ಯಾರು ಗೆದ್ದರೂ ಸೀಟು ಮನೆಯೊಳಗೇ.

ಇದನ್ನೆಲ್ಲ ಹೇಳಿದರೆ ನಮ್ಮ ಕಡೆಯವರಿಗೆ ಒಂದು ಹೆಮ್ಮೆ. "ಅದೆಲ್ಲ ಘಟ್ಟದ ಮೇಲೆ ಮಾರಾಯ, ನಮ್ಮಲ್ಲಿ ಹಾಗಿಲ್ಲ" ಅಂತ. ಸ್ವಲ್ಪ ಮಟ್ಟಿಗೆ ಸರಿ. ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ಮೂರನ್ನೇ ತೆಗೆದುಕೊಳ್ಳುವ. 2018ರಲ್ಲೂ 2023ರಲ್ಲೂ ಇಲ್ಲಿ ಗೆದ್ದವರು ರಾಜೇಶ್ ನಾಯ್ಕ್, ಹರೀಶ್ ಪೂಂಜ, ಉಮಾನಾಥ ಕೋಟ್ಯಾನ್. ಮೂವರಿಗೂ ಅಪ್ಪನಿಂದ ಬಂದ ಕ್ಷೇತ್ರ ಅಲ್ಲ. ಬಂಟ್ವಾಳದಲ್ಲಿ ಆರು ಸಲ ಗೆದ್ದಿದ್ದ ರಮಾನಾಥ ರೈ ಎರಡು ಸಲ ಸೋತು, ಇನ್ನು ಚುನಾವಣೆಗೆ ನಿಲ್ಲುವುದಿಲ್ಲ ಅಂತ ಹೇಳಿದರು. ಮೂಡಬಿದಿರೆಯಲ್ಲಿ ಮೂರು ಸಲ ಶಾಸಕರಾಗಿದ್ದ ಅಮರನಾಥ ಶೆಟ್ಟರ ಮಗಳು ಅಮರಶ್ರೀ 2023ರಲ್ಲಿ ಜೆಡಿಎಸ್‌ನಿಂದ ನಿಂತರು. ಅಪ್ಪನದ್ದೇ ಪಾಳಯ, ಅಪ್ಪನದ್ದೇ ಕ್ಷೇತ್ರ, ಕರಪತ್ರದಲ್ಲಿ ಅಪ್ಪನದ್ದೇ ಹೆಸರು. ನಿಜವಾದ ಸ್ಪರ್ಧೆ ನಡೆದದ್ದು ಮಾತ್ರ ಕೋಟ್ಯಾನ್ ಮತ್ತು ಮಿಥುನ್ ರೈ ನಡುವೆ. ಶೆಟ್ಟರ ಮೇಲೆ ಊರಿಗೆ ಗೌರವ ಇರಲಿಲ್ಲ ಅಂತಲ್ಲ. ಗೌರವ ಇತ್ತು, ಓಟು ಇರಲಿಲ್ಲ.

ಬೆಳ್ತಂಗಡಿಯ ಕಥೆ ಬೇರೆ. 1983ರಿಂದ 2013ರವರೆಗಿನ ಎಂಟು ಚುನಾವಣೆಗಳಲ್ಲಿ ಏಳನ್ನು ಗೆದ್ದದ್ದು ಒಂದೇ ಮನೆಯವರು. ವಸಂತ ಬಂಗೇರ ಐದು ಸಲ, ಅವರ ಸಹೋದರ ಪ್ರಭಾಕರ ಬಂಗೇರ ಎರಡು ಸಲ. ತಮಾಷೆ ಎಂತ ಅಂದರೆ ಈ ಏಳು ಗೆಲುವಿನಲ್ಲಿ ಬಿಜೆಪಿ ಉಂಟು, ಜನತಾದಳ ಉಂಟು, ಕಾಂಗ್ರೆಸ್ಸೂ ಉಂಟು. ಪಕ್ಷ ಬದಲಾಯಿತು, ಮನೆ ಬದಲಾಗಲಿಲ್ಲ. ಹಾಗಂತ ವಸಂತ ಬಂಗೇರರನ್ನು "ಕುಟುಂಬ ರಾಜಕಾರಣ" ಅಂತ ತಳ್ಳಿಹಾಕುವುದು ಅನ್ಯಾಯ. ಅವರದ್ದು ಸ್ವಂತ ನಾಲಿಗೆ, ಸ್ವಂತ ಜಗಳ. ಅಧಿಕಾರಿಗಳನ್ನು ಎಲ್ಲರೆದುರು ತರಾಟೆಗೆ ತೆಗೆದುಕೊಳ್ಳುತ್ತಿದ್ದ ಮನುಷ್ಯ. 2024ರ ಮೇ ತಿಂಗಳಲ್ಲಿ ಅವರು ತೀರಿಕೊಂಡಾಗ ವಿರೋಧ ಪಕ್ಷದವರೂ ಬೇಸರಪಟ್ಟದ್ದು ಸುಮ್ಮನೆ ಅಲ್ಲ. 2023ರಲ್ಲಿ ಅವರ ಜಾಗದಲ್ಲಿ ಕಾಂಗ್ರೆಸ್ ನಿಲ್ಲಿಸಿದ್ದು ರಕ್ಷಿತ್ ಶಿವರಾಂ ಅವರನ್ನು, ಅಂದರೆ ಬಿ.ಕೆ. ಹರಿಪ್ರಸಾದರ ಅಣ್ಣತಮ್ಮಂದಿರ ಕಡೆಯ ಮಗನನ್ನು. ಗೆದ್ದದ್ದು ಪೂಂಜರು.

ಹಾಗಾದರೆ ನಮ್ಮ ಮೂರು ಕ್ಷೇತ್ರಗಳಲ್ಲಿ ಹೆಸರಿನ ಮೇಲೆ ರಾಜಕೀಯ ನಡೆಯುವುದಿಲ್ಲವಾ? ನಡೀತದೆ. ಹೆಸರು ಮಾತ್ರ ಬೇರೆ. ಇಲ್ಲಿ ಅಭ್ಯರ್ಥಿಯ ಅಪ್ಪನ ಹೆಸರಿಗಿಂತ ದಿಲ್ಲಿಯ ನಾಯಕನ ಹೆಸರು ಓಡ್ತದೆ. "ಅಭ್ಯರ್ಥಿಯನ್ನು ನೋಡಬೇಡಿ, ಮೋದಿಯನ್ನು ನೋಡಿ ಓಟು ಹಾಕಿ" ಅನ್ನುವ ಮಾತು ಕೇಳದವರು ನಮ್ಮ ಜಿಲ್ಲೆಯಲ್ಲಿ ಯಾರಿದ್ದಾರೆ? ಇನ್ನೊಂದು ಕಡೆ ಗ್ಯಾರಂಟಿ ಕಾರ್ಡಿನ ಮೇಲೆ ಸಿದ್ದರಾಮಯ್ಯ, ಡಿ.ಕೆ. ಶಿವಕುಮಾರ್ ಸಹಿ. ಅದರ ಕೆಳಗೆ ಜಾತಿಯ ಲೆಕ್ಕ, ಧರ್ಮದ ಲೆಕ್ಕ. ಅಪ್ಪನ ಹೆಸರು, ನಾಯಕನ ಹೆಸರು, ಸಮುದಾಯದ ಹೆಸರು ಎಲ್ಲ ಸಾಲ ತಂದದ್ದೇ. ನನ್ನ ತಕರಾರು ಮಗ ಅಥವಾ ಮಗಳು ರಾಜಕೀಯಕ್ಕೆ ಬರುವುದರ ಬಗ್ಗೆ ಅಲ್ಲ. ಡಾಕ್ಟರ ಮಗ ಡಾಕ್ಟರ್ ಆಗಬಹುದು, ಅವನೂ ಪರೀಕ್ಷೆ ಬರೀತಾನೆ. ಸಾಲದ ಹೆಸರು ಇದ್ದವನಿಗೆ ಇಲ್ಲಿ ಪರೀಕ್ಷೆಯೇ ಮಾಫಿ ಆಗ್ತದೆ, ತಕರಾರು ಅದಕ್ಕೆ.

ಒಂದು ವಿಷಯ ಗಮನಿಸಿ. ಮನೆತನದ ಹೆಸರು ಕೆಲಸ ಮಾಡುವುದು ಓಟಿನ ದಿನಕ್ಕಿಂತ ಹೆಚ್ಚು ಟಿಕೆಟಿನ ದಿನ. ನಿಖಿಲ್ ಕುಮಾರಸ್ವಾಮಿ 2019ರಲ್ಲಿ ಮಂಡ್ಯದಲ್ಲಿ ಸೋತರು, 2023ರಲ್ಲಿ ರಾಮನಗರದಲ್ಲಿ ಸೋತರು, 2024ರ ನವೆಂಬರಿನಲ್ಲಿ ಚನ್ನಪಟ್ಟಣದಲ್ಲೂ ಸೋತರು. ಅದೇ ಉಪಚುನಾವಣೆಯಲ್ಲಿ ಶಿಗ್ಗಾವಿಯಲ್ಲಿ ಭರತ್ ಬೊಮ್ಮಾಯಿಗೂ ಸೋಲು. ಅಜ್ಜ ಮುಖ್ಯಮಂತ್ರಿ, ಅಪ್ಪ ಮುಖ್ಯಮಂತ್ರಿ ಆಗಿದ್ದ ಮನೆ ಅದು. ಮತದಾರ ಹೆಸರು ನೋಡಿ ಮರುಳಾಗ್ತಾನೆ ಅನ್ನುವುದು ಅರ್ಧ ಸುಳ್ಳು. ಆದರೆ ಮತದಾರನ ಕೈಗೆ ಪಟ್ಟಿ ಬರುವ ಮೊದಲೇ, ಒಂದು ಮುಚ್ಚಿದ ಕೋಣೆಯಲ್ಲಿ, ಹೆಸರು ತನ್ನ ಕೆಲಸ ಮುಗಿಸಿರುತ್ತದೆ. ಇಪ್ಪತ್ತು ವರ್ಷ ಬೂತ್‌ನಲ್ಲಿ ದುಡಿದವನಿಗೆ ಆ ಕೋಣೆಯಲ್ಲಿ "ನೀನೂ ನಾನೂ ಜನರೆದುರು ಮಾತಾಡುವ ಬಾ" ಅಂತ ಹೇಳುವ ಅವಕಾಶ ಇಲ್ಲ. ಅಮೆರಿಕದಲ್ಲಿ ಒಂದೇ ಪಕ್ಷದ ಆಕಾಂಕ್ಷಿಗಳು ಮೊದಲು ತಮ್ಮೊಳಗೇ ಚರ್ಚೆ ಮಾಡಿ, ಆಮೇಲೆ ಒಬ್ಬರು ಆಯ್ಕೆ ಆಗುತ್ತಾರೆ. ನಮ್ಮಲ್ಲಿ ಆಕಾಂಕ್ಷಿಗಳು ಬೆಂಗಳೂರು–ದಿಲ್ಲಿ ಬಸ್ಸು ವಿಮಾನ ಹತ್ತಿ ಇಳಿಯುತ್ತಾರೆ.

ಇನ್ನು ಚರ್ಚೆಯ ವಿಷಯ. ನಮ್ಮ ಜನರಿಗೆ ವಾದ ಕೇಳುವ ತಾಳ್ಮೆ ಇಲ್ಲ ಅಂತ ಯಾರಾದರೂ ಹೇಳಿದರೆ ಅವರನ್ನು ಒಂದು ತಾಳಮದ್ದಳೆಗೆ ಕರೆದುಕೊಂಡು ಹೋಗಿ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಒಂದು ಪದ ಹೇಳ್ತಾರೆ, ಅರ್ಥಧಾರಿ ಅಲ್ಲೇ ಕೂತು ಮಾತು ಕಟ್ಟಬೇಕು. ಎದುರಿನವನು ಕೊಕ್ಕೆ ಹಾಕಿದರೆ ತಪ್ಪಿಸಿಕೊಳ್ಳಬೇಕು, ಇಲ್ಲದಿದ್ದರೆ ಸಭೆಯಲ್ಲಿ ಮರ್ಯಾದೆ ಹೋಗ್ತದೆ. ವಾಲಿವಧೆ ಪ್ರಸಂಗದಲ್ಲಿ ಬಾಣ ತಿಂದು ಬಿದ್ದ ವಾಲಿ ಸಾಕ್ಷಾತ್ ರಾಮನನ್ನೇ ಪ್ರಶ್ನೆ ಮಾಡ್ತಾನೆ: ಮರೆಯಲ್ಲಿ ನಿಂತು ಯಾಕೆ ಹೊಡೆದೆ? ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯ ಬಗ್ಗೆ ನಮ್ಮ ಅಜ್ಜಂದಿರು ಇವತ್ತಿಗೂ ಮಾತಾಡ್ತಾರೆ. ರಾಮ ದೇವರು ಅಂತ ಕೈಮುಗಿಯುವ ಅದೇ ಸಭೆ, ರಾಮ ಉತ್ತರ ಕೊಡಲಿ ಅಂತ ಕಾಯ್ತದೆ. ದೇವರಿಗೇ ವೈವಾ ಇಟ್ಟ ಊರು ಇದು, ಎಂಎಲ್‌ಎ ಅಭ್ಯರ್ಥಿಗೆ ಯಾಕೆ ರಿಯಾಯಿತಿ?

ಹಸ್ತಿನಾವತಿಯ ರಂಗದಲ್ಲಿ ಕರ್ಣ ಅರ್ಜುನನಿಗೆ ಸವಾಲು ಹಾಕಿದಾಗ ಕೃಪಾಚಾರ್ಯ ಕೇಳಿದ್ದು ಬಿಲ್ವಿದ್ಯೆಯ ಪ್ರಶ್ನೆ ಅಲ್ಲ, ನಿನ್ನ ಕುಲ ಯಾವುದು ಅಂತ. ಸ್ಪರ್ಧೆ ತಪ್ಪಿಸಲಿಕ್ಕೆ ಮನೆತನದ ಪ್ರಶ್ನೆ ಎತ್ತುವ ಉಪಾಯ ಅಷ್ಟು ಹಳೆಯದು. (ದುರ್ಯೋಧನ ಅಲ್ಲೇ ಅಂಗರಾಜ್ಯದ ಟಿಕೆಟ್ ಕೊಟ್ಟ, ಅದು ಬೇರೆ ಕಥೆ.)

ನೇರವಾಗಿ ಹೇಳುವುದಾದರೆ, ಮುಂದೆ ಇರುವವನಿಗೆ ಚರ್ಚೆಯಿಂದ ಲಾಭ ಇಲ್ಲ. ಗೆಲ್ಲುವ ಕುದುರೆ ಅಂತ ಎಲ್ಲರೂ ಹೇಳುವಾಗ ಎದುರಾಳಿಗೆ ಸಮಾನ ಕುರ್ಚಿ ಯಾಕೆ ಕೊಡಬೇಕು? ಅಮೆರಿಕದಲ್ಲೂ ಹೀಗೆಯೇ ಆಯಿತು. 1960ರಲ್ಲಿ ಕೆನಡಿ–ನಿಕ್ಸನ್ ಟಿವಿ ಚರ್ಚೆ ನಡೆದ ಮೇಲೆ ಮುಂದಿನ ಮೂರು ಅಧ್ಯಕ್ಷೀಯ ಚುನಾವಣೆಗಳಲ್ಲಿ ಚರ್ಚೆಯೇ ಇಲ್ಲ. 1976ರಲ್ಲಿ ಮತ್ತೆ ಶುರು. ಬ್ರಿಟನ್ನಿನಲ್ಲಿ ನಾಯಕರ ಮೊದಲ ಟಿವಿ ಚರ್ಚೆ ಆದದ್ದೇ 2010ರಲ್ಲಿ. ಅಂದರೆ ಇದು ಯಾವ ದೇಶದಲ್ಲೂ ತಾನಾಗಿ ಮೊಳೆತ ಗಿಡ ಅಲ್ಲ. ಬಾರದೆ ಇದ್ದರೆ ನಾಚಿಕೆ ಅನ್ನುವ ಸ್ಥಿತಿಯನ್ನು ಜನ ತಂದಿಟ್ಟ ಮೇಲೆಯೇ ಅಭ್ಯರ್ಥಿಗಳು ಬಂದದ್ದು.

ನಮ್ಮಲ್ಲಿ ಒಂದು ಪ್ರಯತ್ನ ಆಗಿತ್ತು. 2024ರ ಮೇ ತಿಂಗಳಲ್ಲಿ ನಿವೃತ್ತ ನ್ಯಾಯಮೂರ್ತಿಗಳಾದ ಮದನ್ ಲೋಕೂರ್, ಎ.ಪಿ. ಶಾ ಮತ್ತು ಪತ್ರಕರ್ತ ಎನ್. ರಾಮ್ ಸೇರಿ ನರೇಂದ್ರ ಮೋದಿ ಮತ್ತು ರಾಹುಲ್ ಗಾಂಧಿ ಇಬ್ಬರಿಗೂ ಬಹಿರಂಗ ಚರ್ಚೆಗೆ ಬನ್ನಿ ಅಂತ ಪತ್ರ ಬರೆದರು. ರಾಹುಲ್ ಒಪ್ಪಿದರು. ಪ್ರಧಾನಿ ಒಪ್ಪಲಿಲ್ಲ. ಬಿಜೆಪಿ ಕಡೆಯಿಂದ ತೇಜಸ್ವಿ ಸೂರ್ಯ, ನಮ್ಮ ಯುವ ಮೋರ್ಚಾದ ಉಪಾಧ್ಯಕ್ಷರು ಬರ್ತಾರೆ ಅಂತ ಉತ್ತರ ಕೊಟ್ಟರು. ಚರ್ಚೆ ನಡೆಯಲಿಲ್ಲ. ಇಲ್ಲಿ ನೋಡಿ, ನನ್ನ ವಾದಕ್ಕೇ ಒಂದು ಪೆಟ್ಟು. ದೇಶದ ಅತಿ ದೊಡ್ಡ ಮನೆತನದ ಹೆಸರಿನವರು ಬರ್ತೇನೆ ಅಂದರು, ಚಹಾ ಮಾರುತ್ತಿದ್ದೆ ಅನ್ನುವವರು ಬರಲಿಲ್ಲ. ಹಾಗಾಗಿ ಚರ್ಚೆಗೆ ಹೆದರುವುದು ಮಗನೋ ಮೊಮ್ಮಗನೋ ಮಾತ್ರ ಅಂತ ಹೇಳಲಿಕ್ಕೆ ಆಗುವುದಿಲ್ಲ. ಕಳೆದುಕೊಳ್ಳಲಿಕ್ಕೆ ಇರುವವನು ಹಿಂಜರಿಯುತ್ತಾನೆ. ರಾಹುಲ್ ಆಗ ಹಿಂದೆ ಇದ್ದರು, ಒಪ್ಪಿದ್ದರಲ್ಲಿ ಶೌರ್ಯದ ಜೊತೆ ಲೆಕ್ಕಾಚಾರವೂ ಉಂಟು. ಆದರೂ ಒಪ್ಪಿದವರಿಗೆ ಅಷ್ಟು ಮಾರ್ಕು ಕೊಡಲೇಬೇಕು.

ಚರ್ಚೆ ಬೇಡ ಅನ್ನುವವರ ಮಾತಿನಲ್ಲಿ ಒಂದಕ್ಕೆ ತೂಕ ಉಂಟು. ಮಾತುಗಾರ ಗೆಲ್ತಾನೆ, ಕೆಲಸಗಾರ ಸೋಲ್ತಾನೆ ಅಂತ. ನಮ್ಮ ಕ್ಲಾಸಿನಲ್ಲೂ ಸೆಮಿನಾರಿನಲ್ಲಿ ಮಿಂಚಿ ಪ್ರಾಜೆಕ್ಟ್ ಮಾಡದವರು ಇದ್ದಾರಲ್ಲ. ಇದಕ್ಕೆ ಪರಿಹಾರ ಭಾಷಣ ಕಡಿಮೆ ಮಾಡಿ ಪ್ರಶ್ನೆ ಜಾಸ್ತಿ ಮಾಡುವುದು, ಮತ್ತು ಪ್ರಶ್ನೆಯಲ್ಲಿ ಅಂಕಿ ಇಡುವುದು. ತುಳುವಿನಲ್ಲಿ ಉತ್ತರ ಕೊಡಲಿ, ಬ್ಯಾರಿಯಲ್ಲಿ ಕೊಡಲಿ, ತೊದಲಿದರೂ ಅಡ್ಡಿಯಿಲ್ಲ. ವಿಷಯ ಗೊತ್ತಿದ್ದವನು ತೊದಲಿದರೂ ಗೊತ್ತಾಗ್ತದೆ.

ಎತ್ತಿನಹೊಳೆಯನ್ನೇ ತೆಗೆದುಕೊಳ್ಳಿ. ಬಂಟ್ವಾಳ, ಬೆಳ್ತಂಗಡಿಗೆ ನೇತ್ರಾವತಿ ಅಂದರೆ ಬರೀ ನದಿ ಅಲ್ಲ. ಮಂಗಳೂರಿಗೆ ಕುಡಿಯುವ ನೀರು ಹೋಗುವುದೇ ತುಂಬೆಯಿಂದ. ಆ ನದಿಯ ಮೇಲ್ಭಾಗದ ಹಳ್ಳಗಳಿಂದ 24 ಟಿಎಂಸಿ ನೀರನ್ನು ಪೂರ್ವದ ಜಿಲ್ಲೆಗಳಿಗೆ ಒಯ್ಯುವ ಯೋಜನೆ 2012ರಲ್ಲಿ 8,323 ಕೋಟಿಯದ್ದಾಗಿತ್ತು, 2014ರಲ್ಲಿ 12,912 ಕೋಟಿ ಆಯಿತು, ಆಮೇಲೆ 23,251 ಕೋಟಿ. ಐಐಎಸ್‌ಸಿಯ ಟಿ.ವಿ. ರಾಮಚಂದ್ರ ಅವರ ತಂಡ ಅಲ್ಲಿ ಸಿಗುವ ನೀರೇ ಸುಮಾರು 9.55 ಟಿಎಂಸಿ ಅಂತ ಲೆಕ್ಕ ಹಾಕಿತ್ತು. ಈ ಯೋಜನೆಯ ದೊಡ್ಡ ಬೆಂಬಲಿಗರು ವೀರಪ್ಪ ಮೊಯ್ಲಿ. ಹುಟ್ಟಿದ್ದು ಮೂಡಬಿದಿರೆಯ ಮಾರ್ಪಾಡಿ, ಸಂಸದರಾಗಿದ್ದು ಚಿಕ್ಕಬಳ್ಳಾಪುರದಿಂದ. ಯೋಜನೆ ಶುರು ಮಾಡಿದ, ಮುಂದುವರಿಸಿದ ಸರ್ಕಾರಗಳಲ್ಲಿ ಎರಡೂ ಪಕ್ಷದವು ಇವೆ. 2024ರ ಸೆಪ್ಟೆಂಬರ್ 6ರಂದು ಮೊದಲ ಹಂತದ ಉದ್ಘಾಟನೆಯೂ ಆಯಿತು. ಈಗ ಯಾವುದೇ ಪಕ್ಷದ ಬಂಟ್ವಾಳದ ಅಭ್ಯರ್ಥಿಯನ್ನು ಕೂರಿಸಿ ಕೇಳಿ: 24 ಸರಿಯೋ, 9.55 ಸರಿಯೋ? ನಿಮ್ಮ ಪಕ್ಷ ವಿಧಾನಸೌಧದಲ್ಲಿ ಹೇಳಿದ್ದಕ್ಕೂ ಬಿ.ಸಿ. ರೋಡಿನಲ್ಲಿ ಹೇಳಿದ್ದಕ್ಕೂ ವ್ಯತ್ಯಾಸ ಯಾಕೆ? ಅಪ್ಪನ ಫೋಟೋ, ನಾಯಕನ ಫೋಟೋ ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ.

ಮೂಡಬಿದಿರೆ, ವಿಟ್ಲ ಕಡೆಯ ತೋಟಗಳ ಮೇಲೆ ಹಾದುಹೋಗುವ ಉಡುಪಿ–ಕಾಸರಗೋಡು 400 ಕೆವಿ ಲೈನಿನ ವಿಷಯವೂ ಹೀಗೆಯೇ. ಭೂಗತ ಕೇಬಲ್ ಆಗ್ತದಾ ಇಲ್ಲವಾ, ಖರ್ಚು ಎಷ್ಟು ಪಟ್ಟು, ಅಡಿಕೆ ಮರಕ್ಕೆ ಪರಿಹಾರ ಎಷ್ಟು? ನಮ್ಮ ಎಲೆಕ್ಟ್ರಿಕಲ್ ಬ್ರಾಂಚಿನವರು ಒಂದು ವಾರ ಕೂತರೆ ಒಳ್ಳೆಯ ಪ್ರಶ್ನೆಪತ್ರಿಕೆ ಆಗ್ತದೆ. ಬೆಳ್ತಂಗಡಿಗೆ ಚಾರ್ಮಾಡಿ ಘಾಟಿ ಸಾಕು, 2019ರ ಆಗಸ್ಟಿನಲ್ಲಿ ಗುಡ್ಡ ಜರಿದದ್ದನ್ನು ಸಿವಿಲ್‌ನವರು ಮರೆತಿರಲಿಕ್ಕಿಲ್ಲ.

ನನ್ನ ಸಲಹೆ ಸಣ್ಣದು. 2028ರ ವಿಧಾನಸಭೆಯವರೆಗೆ ಕಾಯುವುದು ಬೇಡ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿದು ವರ್ಷಗಟ್ಟಲೆ ಚುನಾವಣೆ ಇಲ್ಲದೆ ಕೂತವು. ಆ ಚುನಾವಣೆ ಬರುವಾಗ ಒಂದೇ ಒಂದು ಕ್ಷೇತ್ರ ಹಿಡಿದು, ಊರಿನ ಯಾವುದಾದರೂ ಸಭಾಭವನದಲ್ಲಿ ಅಧಿಕಾರಿಗಳ ಅನುಮತಿ ಪಡೆದು ನಾವೇ ಮಾಡುವ. ಎಲ್ಲ ಅಭ್ಯರ್ಥಿಗಳಿಗೂ ಒಂದೇ ಪತ್ರ, ಒಂದೇ ಸಮಯ. ಶಿಳ್ಳೆ ಹಾಕುವ ಬೆಂಬಲಿಗರಿಗೆ ಪ್ರವೇಶ ಇಲ್ಲ, ಘೋಷಣೆ ಇಲ್ಲ. ಪ್ರಶ್ನೆಗೆ ಎರಡು ನಿಮಿಷ, ಪ್ರತಿಪ್ರಶ್ನೆಗೆ ಒಂದು. ಯಾರು ಬರಲಿಲ್ಲವೋ ಅವರ ಹೆಸರಿನ ಚೀಟಿ ಅಂಟಿಸಿದ ಕುರ್ಚಿ ಖಾಲಿ ಇರಲಿ, ಕ್ಯಾಮರಾ ಆಗಾಗ ಅದರ ಮೇಲೂ ಹೋಗಲಿ. ಮೈಕು, ಲೈಟು ನಮ್ಮ ಫೆಸ್ಟಿನ ಹುಡುಗರು ನೋಡಿಕೊಳ್ತಾರೆ. ಪ್ರಶ್ನೆ ತಯಾರಿಸಲಿಕ್ಕೆ ಬರುವವರು ಕನ್ನಡ ಸಂಘದ ರೂಮಿನಲ್ಲಿ ಹೆಸರು ಬರೆಸಿ, ಬರುವಾಗ ನಿಮ್ಮ ಊರಿನ ಒಂದು ಸಮಸ್ಯೆಯನ್ನು ಅಂಕಿಅಂಶದ ಸಮೇತ ಬರೆದು ತನ್ನಿ.